ಊಟ ಅಂಗನವಾಡಿಯಲ್ಲಿ, ಅಪ್ಪಣೆ ಮನೆಯಲ್ಲಿ

ತಿರುಮಕೂಡಲು ನರಸೀಪುರ ಎಂದರೆ ಜನಕ್ಕೆ ಕಾವೇರಿ–ಕಪಿಲೆಯರ ಸಂಗಮ, ಗುಂಜಾ ನರಸಿಂಹಸ್ವಾಮಿ, ಮೂರು ವರ್ಷಕ್ಕೊಮ್ಮೆ ಬರುವ ಕುಂಭಮೇಳ ನೆನಪಾಗುತ್ತವೆ. ಈ ತಾಲ್ಲೂಕಿಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. ಅದನ್ನು ಊರಿನವರೂ ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಕರ್ನಾಟಕದ ಅಂಗನವಾಡಿಗಳು ಹುಟ್ಟಿದ್ದು ಇಲ್ಲಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಕೇಂದ್ರ ಸರ್ಕಾರ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗಕ್ಕೆ ತಂದಾಗ ನಮ್ಮ ರಾಜ್ಯದಿಂದ ಆಯ್ಕೆಯಾದದ್ದು ಟಿ. ನರಸೀಪುರ. ನೂರು ಕೇಂದ್ರಗಳಿಂದ ಶುರುವಾದ ಆ ಕೆಲಸ ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಾಗಿ ಬೆಳೆದಿದೆ.

ಸರಿಯಾಗಿ ನಲವತ್ತೆರಡು ವರ್ಷಗಳ ನಂತರ, 2017ರ ಅಕ್ಟೋಬರ್ 2ರಂದು, ರಾಜ್ಯ ಸರ್ಕಾರ ಇದೇ ಅಂಗನವಾಡಿಗಳ ಮೇಲೆ ಮತ್ತೊಂದು ಹೊಣೆ ಹೊರಿಸಿತು: ಮಾತೃಪೂರ್ಣ. ಬಸುರಿ ಹೆಂಗಸರು ಮತ್ತು ಹೆತ್ತು ಆರು ತಿಂಗಳೊಳಗಿನ ಬಾಣಂತಿಯರು ತಿಂಗಳಿಗೆ 25 ದಿನ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ ಅಥವಾ ಮೊಳಕೆಕಾಳು, ಹಾಲು, ಕಡಲೆ ಮಿಠಾಯಿ, ಜೊತೆಗೆ ಕಬ್ಬಿಣಾಂಶದ ಮಾತ್ರೆ. ಮೈಸೂರು ಜಿಲ್ಲೆಯದೇ ಆದ ಎಚ್.ಡಿ. ಕೋಟೆಯೂ ಸೇರಿ ನಾಲ್ಕು ತಾಲ್ಲೂಕುಗಳಲ್ಲಿ ಮೊದಲು ಪರೀಕ್ಷೆಯಾಗಿತ್ತು. ಆಂಧ್ರದಲ್ಲಿ 2013ರಿಂದ, ತೆಲಂಗಾಣದಲ್ಲಿ 2015ರಿಂದ ಇಂಥದೇ ಊಟ ನಡೆದಿತ್ತು. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವರುಣಾ ಕ್ಷೇತ್ರದೊಳಗೆ ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕುಗಳ ಹಳ್ಳಿಗಳಿದ್ದವು. ಹಾಗಾಗಿ ಈ ಯೋಜನೆಯ ಗೆಲುವು ಸೋಲುಗಳನ್ನು ತೂಗಲು ಈ ಸೀಮೆಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಮಾತೃಪೂರ್ಣವನ್ನು ಬಯ್ದವರು ಬಹಳ ಮಂದಿ. ಅದರ ಜಾಣತನವನ್ನು ಗುರುತಿಸಿದವರು ಕಡಿಮೆ. ಅದಕ್ಕೂ ಮುಂಚೆ ಬಸುರಿಯ ಪಾಲು ದಿನಸಿಯ ರೂಪದಲ್ಲಿ ಮನೆಗೆ ಹೋಗುತ್ತಿತ್ತು. ಮನೆಗೆ ಹೋದದ್ದು ಮನೆಯ ಪಾತ್ರೆಗೆ ಬೀಳುತ್ತಿತ್ತು. ಮಾವ, ಗಂಡ, ಮೈದುನ, ಮಕ್ಕಳು ಉಂಡಮೇಲೆ ಸೊಸೆ ತಟ್ಟೆ ಹಾಕಿಕೊಳ್ಳುವ ಮನೆಯಲ್ಲಿ ಹೊಟ್ಟೆಯೊಳಗಿನ ಕೂಸಿನ ಪಾಲು ಎಷ್ಟು ಉಳಿದೀತು? ಊಟವನ್ನು ಮನೆಯ ಒಲೆಯಿಂದ ಹೊರಗೆ ತಂದು ಅವಳೊಬ್ಬಳಿಗೇ ಬಡಿಸಿದರೆ ಮಾತ್ರ ಅವಳ ಬಾಯಿಗೆ ಬೀಳುತ್ತದೆ ಎಂದು ಲೆಕ್ಕ ಹಾಕಿದವರು ಕುಟುಂಬದ ಒಳಗಿನ ತಾರತಮ್ಯವನ್ನು ಸರಿಯಾಗಿ ಓದಿದ್ದರು. ಸರ್ಕಾರಿ ಆದೇಶವೊಂದು ಇಷ್ಟು ನೇರವಾಗಿ ಅಡುಗೆಮನೆಯ ರಾಜಕೀಯಕ್ಕೆ ಕೈ ಹಾಕಿದ್ದು ಅಪರೂಪ.

ಅಲ್ಲಿಗೇ ಓದು ನಿಂತಿತು. ತಟ್ಟೆಯನ್ನು ಮನೆಯಿಂದ ಹೊರಗೆ ತಂದವರು, ಹೆಣ್ಣು ಹೊಸಿಲು ದಾಟಲು ಯಾರ ಅಪ್ಪಣೆ ಬೇಕು ಎಂದು ಕೇಳಲಿಲ್ಲ. ಮಟಮಟ ಮಧ್ಯಾಹ್ನ ಬಸುರಿ ಹೊರಗೆ ತಿರುಗಬಾರದು, ಗಾಳಿ ಸೋಕುತ್ತದೆ ಎನ್ನುವ ಮನೆಗಳಿವೆ. ನಾಲ್ಕು ಜನರೆದುರು ಉಂಡರೆ ದೃಷ್ಟಿಯಾಗುತ್ತದೆ ಎನ್ನುವವರಿದ್ದಾರೆ. ಊಟದ ಹೊತ್ತು ನಿಗದಿಯಾದದ್ದು ಅದೇ ಮಟಮಟ ಮಧ್ಯಾಹ್ನಕ್ಕೆ! ಅಂಗನವಾಡಿ ಯಾವ ಬೀದಿಯಲ್ಲಿದೆ, ಒಲೆಯ ಮುಂದೆ ಕುಳಿತ ಸಹಾಯಕಿ ಯಾವ ಕೇರಿಯವಳು ಎಂಬ ಲೆಕ್ಕವೂ ಸುಮ್ಮನೆ ನಡೆಯುತ್ತದೆ. ಯಾರೂ ಬಾಯಿಬಿಟ್ಟು ಜಾತಿಯ ಹೆಸರು ಹೇಳುವುದಿಲ್ಲ. 'ನಮ್ಮ ಹುಡುಗಿಗೆ ಹೊರಗಿನ ಊಟ ಒಗ್ಗಲ್ಲ' ಅಂದರೆ ಮುಗಿಯಿತು.

ಅತ್ತೆಯ ಅಪ್ಪಣೆ ಸಿಕ್ಕರೂ ಕೂಲಿಯ ಅಪ್ಪಣೆ ಸಿಗಬೇಕು. ಕಬಿನಿ ನಾಲೆ, ವರುಣಾ ನಾಲೆಯ ನೀರು ಹರಿಯುವ ಕಡೆ ನಾಟಿ, ಕಳೆ, ಕಬ್ಬು. ನಂಜನಗೂಡಿನ ಕಡೆ ಕಾರ್ಖಾನೆ, ಗಾರ್ಮೆಂಟ್ಸು. ಗದ್ದೆಯಲ್ಲಿ ಬಗ್ಗಿದವಳು ಹನ್ನೆರಡೂವರೆಗೆ ಎದ್ದು ಊರೊಳಗೆ ಹೋಗಿ ಉಂಡು ಬರುತ್ತೇನೆಂದರೆ ಅರ್ಧ ಕೂಲಿ ಹೋಗುತ್ತದೆ. ಮನೆಯಲ್ಲಿ ಬಿಡುವಾಗಿ ಕುಳಿತ ಗರ್ಭಿಣಿ ಎಂಬ ಚಿತ್ರ ಯಾರ ಮನಸ್ಸಿನಿಂದ ಬಂತೋ ಕಾಣೆ, ದುಡಿಯುವ ಹೆಂಗಸರ ಮನೆಯಿಂದಂತೂ ಬರಲಿಲ್ಲ. ಹೆರಿಗೆ ರಜೆ 2017ರಲ್ಲಿ 26 ವಾರಕ್ಕೆ ಏರಿತು, ಸರಿ. ಅದು ಸಂಬಳದ ಚೀಟಿ ಇದ್ದವರಿಗೆ. ಕೂಲಿಯವಳಿಗೆ ಸಿಗುವುದು ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಕಂತಿನಲ್ಲಿ 5000 ರೂಪಾಯಿ. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ 28 ರೂಪಾಯಿಯೂ ಆಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಬಾಣಂತಿಯ ವಿಷಯದಲ್ಲಿ ಆದದ್ದು. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿ, ಹೊಟ್ಟೆ ತವರಿನಲ್ಲಿ. ಹೆತ್ತಮೇಲೆ ಕಡಿಮೆಯೆಂದರೂ ನಲವತ್ತು ದಿನ, ಅನುಕೂಲವಿದ್ದವರಲ್ಲಿ ಮೂರರಿಂದ ಐದು ತಿಂಗಳು, ಅವಳು ಕೋಣೆ ಬಿಟ್ಟು ಬರುವಂತಿಲ್ಲ. ಯೋಜನೆ ಅವಳನ್ನು ಕರೆದದ್ದು ಸರಿಯಾಗಿ ಅದೇ ಆರು ತಿಂಗಳಲ್ಲಿ. ಹಸಿ ಬಾಣಂತಿಯನ್ನು ಬೀದಿಯಲ್ಲಿ ನಡೆಸುವುದನ್ನು ಯಾವ ತಾಯಿ ಒಪ್ಪುತ್ತಾಳೆ? ನನ್ನ ಮಟ್ಟಿಗೆ, ಒಪ್ಪದೆ ಇದ್ದದ್ದೇ ಸರಿ. ಕೂಲಿ ಮನೆಯ ಹೆಣ್ಣಿಗೆ ಜೀವಮಾನದಲ್ಲಿ ನ್ಯಾಯವಾಗಿ ಸಿಗುವ ವಿಶ್ರಾಂತಿ ಅದೊಂದೇ. ಎಣ್ಣೆ ತಿಕ್ಕಿ, ಹಂಡೆ ನೀರು ಹುಯ್ದು, ಕೂಸನ್ನು ಬೇರೆಯವರು ಎತ್ತಿಕೊಂಡು ಅವಳನ್ನು ಮಲಗಿಸುವ ಈ ಏರ್ಪಾಡನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಒಂದು ಬಾಣಂತನವನ್ನಾದರೂ ಹತ್ತಿರದಿಂದ ನೋಡಬೇಕು.

ಹಾಗೆಂದು ಬಾಣಂತನದ ಅಡುಗೆಯನ್ನು ಹೊಗಳಲಾರೆ. ಬದನೆಕಾಯಿ ನಂಜು, ಸೊಪ್ಪು ಶೀತ, ಗೆಡ್ಡೆ ವಾಯು. ರಸಬಾಳೆಗೆ ಹೆಸರಾದ ನಂಜನಗೂಡಿನಲ್ಲೇ ಬಾಣಂತಿಗೆ ಬಾಳೆಹಣ್ಣು ಕೊಡಲು ಹೆದರುತ್ತಾರೆ. ಮೆಣಸು ಬೆಳ್ಳುಳ್ಳಿ ಸಾರು, ಅನ್ನ, ತುಪ್ಪದಲ್ಲೇ ವಾರಗಳು ಕಳೆಯುತ್ತವೆ. ಬಾಡು ತಿನ್ನುವ ಮನೆಯವಳು ಈ ಮಟ್ಟಿಗೆ ಅದೃಷ್ಟವಂತೆ, ನಾಟಿಕೋಳಿ ಸಾರಾದರೂ ಸಿಗುತ್ತದೆ. ಹಾಲೂಡಿಸುವವಳಿಗೆ ನೀರನ್ನೂ ಅಳೆದು ಕೊಡುವುದು, ಗಾಳಿಯಾಡದ ಕೋಣೆಯಲ್ಲಿ ಎಳೆಗೂಸಿಗೂ ಸಾಂಬ್ರಾಣಿ ಹೊಗೆ ಹಿಡಿಯುವುದು, ಬಜೆ ತೇಯ್ದು ನೆಕ್ಕಿಸುವುದು, ಜೇನು ಮುಟ್ಟಿಸುವುದು ಇವು ಅಪಾಯದ ಕೆಲಸಗಳೇ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೂ ಹುಟ್ಟಿದ ಗಂಟೆಯೊಳಗೆ ತಾಯಿಯ ಹಾಲು ಸಿಕ್ಕ ಮಕ್ಕಳು ಸುಮಾರು ಅರ್ಧ ಮಾತ್ರ. ಹೆರಿಗೆ ಆಸ್ಪತ್ರೆಗೆ ಹೋಯಿತು, ಬಾಣಂತನ ಮನೆಯಲ್ಲೇ ಉಳಿಯಿತು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಮಾತೃಪೂರ್ಣದ ಎದುರು ನಿಲ್ಲುತ್ತದೆ. ರಾಜ್ಯದ ಗರ್ಭಿಣಿಯರಲ್ಲಿ ರಕ್ತಹೀನತೆ ಇದ್ದವರು 2015–16ರಲ್ಲಿ ನೂರಕ್ಕೆ 45.4, ನಾಲ್ಕು ವರ್ಷದ ಮೇಲೆ 45.7. ಊಟವೊಂದನ್ನೇ ಇದಕ್ಕೆ ಹೊಣೆ ಮಾಡುವುದು ಅನ್ಯಾಯ. ಆದರೆ ಮಾತ್ರೆ ನುಂಗಿದರೆ ಕೂಸು ಕಪ್ಪಗಾಗುತ್ತದೆ ಎನ್ನುವ ಮನೆಯಲ್ಲಿ ಅದು ಗೂಡಿನಲ್ಲೇ ಉಳಿಯುತ್ತದೆ. ನುಂಗಿದವಳೂ ಹಿಂದೆಯೇ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಇದನ್ನು ತಿಳಿಯಬೇಕಾದವಳು ಬಸುರಿ ಒಬ್ಬಳೇನಲ್ಲ, ಟೀ ಕಾಸುವವರೂ ತಿಳಿಯಬೇಕು.

'ಜಾಸ್ತಿ ಉಣ್ಣಬೇಡ ಕಣವ್ವ, ಕೂಸು ದಪ್ಪ ಆದ್ರೆ ಹೆರೋದು ಕಷ್ಟ ಆಯ್ತದೆ' ಎಂಬ ಬುದ್ಧಿಮಾತು ಈ ಕಡೆ ಬಸುರಿಯರಿಗೆ ಸಿಗುವಂಥದು. ಹತ್ತಿರದಲ್ಲಿ ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ, ಹೆರಿಗೆಯಲ್ಲಿ ಸತ್ತವರನ್ನು ಕಂಡವರು ಆಡಿದ ಮಾತು ಅದು. ಹಿಂದೆ ಪ್ರೀತಿ, ಭಯ ಎರಡೂ ಇವೆ. ಅದಕ್ಕೆ ಉತ್ತರ ಮೈಸೂರಿನಲ್ಲೇ ಇತ್ತು. ಮಿಷನ್ ಆಸ್ಪತ್ರೆ ಎಂದೇ ಎಲ್ಲರೂ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿತ್ತು. ಹಾಗೆ ಹುಟ್ಟಿದವರಲ್ಲಿ 517 ಮಂದಿಯನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿದವರಲ್ಲಿ 3. ಸಣ್ಣ ಕೂಸು ಸಲೀಸಾಗಿ ಹುಟ್ಟೀತು, ಐವತ್ತರ ಹೊತ್ತಿಗೆ ಅದರ ಸಾಲ ತೀರಿಸಬೇಕಾಗಿ ಬರಬಹುದು. ಲೋಕವೆಲ್ಲ ಓದಿದ ಈ ಸಂಗತಿ ನಲವತ್ತು ಕಿಲೋಮೀಟರಿನೊಳಗಿನ ಹಳ್ಳಿಯ ಅಜ್ಜಿಯ ಕಿವಿಗೆ ಯಾಕೆ ಬೀಳಲಿಲ್ಲ?

ಕಾರಣ 1975ರ ಯೋಜನೆಯ ವಿನ್ಯಾಸದಲ್ಲೇ ಇದೆ. ಅದರ ಆರು ಸೇವೆಗಳಲ್ಲಿ ಆಹಾರ–ಆರೋಗ್ಯ ಶಿಕ್ಷಣವೂ ಒಂದು, ಆದರೆ ಅದು 15ರಿಂದ 45 ವಯಸ್ಸಿನ ಹೆಂಗಸರಿಗೆ ಮೀಸಲು. ಹೆರುವ ವಯಸ್ಸು ಮುಗಿದವಳು ಪಟ್ಟಿಯಿಂದ ಹೊರಗೆ. ಮನೆಯಲ್ಲಿ ಅವಳ ಮಾತು ನಡೆಯಲು ಶುರುವಾಗುವುದೇ ಆ ವಯಸ್ಸಿನಲ್ಲಿ! ಟಿ. ನರಸೀಪುರದ ಆ ಮೊದಲ ನೂರು ಕೇಂದ್ರಗಳಲ್ಲಿ ತಟ್ಟೆ ಹಿಡಿದು ಕುಳಿತ ಪುಟ್ಟ ಹುಡುಗಿಯರಿಗೆ ಈಗ ಐವತ್ತು ದಾಟಿದೆ. ಇವತ್ತಿನ ಅತ್ತೆಯರು, ಬಾಣಂತನ ಮಾಡುವ ಅವ್ವಂದಿರು ಅವರೇ. ಅಂಗನವಾಡಿ ಅವರಿಗೆ ಉಣ್ಣಿಸಿತು, ಹಾಡು ಕಲಿಸಿತು, ಬಸುರಾದಾಗ ಲಸಿಕೆಗೆ ಕರೆಯಿತು. ಅವರ ಮಾತಿಗೆ ಬೆಲೆ ಬಂದ ದಿನ ಅವರನ್ನು ಮರೆಯಿತು. ಗಂಡಂದಿರನ್ನಂತೂ ಎಂದೂ ಕರೆಯಲೇ ಇಲ್ಲ.

ಊರಿನ ಹೆಂಗಸರನ್ನೇ ಕೂರಿಸಿ ಮಾತಾಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಜಾರ್ಖಂಡ್–ಒಡಿಶಾದ ಬುಡಕಟ್ಟು ಹಳ್ಳಿಗಳಲ್ಲಿ 'ಏಕ್‌ಜುಟ್' ಸಂಸ್ಥೆ ನಡೆಸಿದ ಕೆಲಸ ಸಾಕ್ಷಿ. ಅಲ್ಲಿ ಊಟ ಹಂಚಲಿಲ್ಲ, ಭಾಷಣ ಮಾಡಲಿಲ್ಲ. ಹೆಂಗಸರ ಗುಂಪುಗಳು ತಿಂಗಳಿಗೊಮ್ಮೆ ಕೂತು, ತಮ್ಮೂರಿನ ಕೂಸುಗಳು ಯಾಕೆ ಸತ್ತವು ಎಂದು ಮಾತಾಡಿ, ದಾರಿ ತಾವೇ ಹುಡುಕಿದವು. ಮೂರು ವರ್ಷದಲ್ಲಿ ನವಜಾತ ಶಿಶುಗಳ ಸಾವು ಸುಮಾರು ಮೂರನೇ ಒಂದು ಪಾಲು ಇಳಿಯಿತೆಂದು 2010ರಲ್ಲಿ ವರದಿಯಾಯಿತು.

ಕೋವಿಡ್ ಬಂದು ಅಂಗನವಾಡಿ ಬಾಗಿಲು ಹಾಕಿದಾಗ ಮಾತೃಪೂರ್ಣ ಮತ್ತೆ ದಿನಸಿಯಾಗಿ ಮನೆಗೆ ಹೋಯಿತು. ಹೆಂಗಸರಿಗೆ ನಡೆಯುವ ಕಷ್ಟ ತಪ್ಪಿತು, ಪಾಲು ಮತ್ತೆ ಮನೆಯ ಪಾತ್ರೆ ಸೇರಿತು. ಊಟ ಇಲ್ಲಿಯೋ ಅಲ್ಲಿಯೋ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಬಸುರಿಗೆ ಅಂಗನವಾಡಿಯಲ್ಲಿ, ಬಾಣಂತಿಗೆ ತವರಿನ ಬಾಗಿಲಿಗೆ ಎಂದು ಎರಡು ದಾರಿ ಇಟ್ಟರೆ ಮುಗಿಯುತ್ತದೆ. ಕೆಲಸ ಆಗಬೇಕಾದದ್ದು ಬೇರೆಡೆ. ಪೋಷಣ್ ಅಭಿಯಾನ ಬಂದಮೇಲೆ ಅಂಗನವಾಡಿಗಳಲ್ಲಿ ಸೀಮಂತ ಮಾಡುತ್ತಾರೆ. ಬಸುರಿಯರಿಗೆ ಬಳೆ ತೊಡಿಸಿ, ಮಡಿಲು ತುಂಬಿ, ಪೋಷಕಾಂಶದ ಬಗ್ಗೆ ಅವರಿಗೇ ಭಾಷಣ ಕೊಟ್ಟು, ಫೋಟೊ ತೆಗೆದು ಮೇಲಿನವರಿಗೆ ಕಳಿಸುತ್ತಾರೆ. ಸೀಮಂತವೆಂದರೆ ಅತ್ತೆ, ಅವ್ವ, ನಾದಿನಿ ಕರೆಯದೆಯೂ ಬರುವ ದಿನ. ಮೈಕನ್ನು ಭಾಷಣಕಾರರ ಕೈಯಿಂದ ತೆಗೆದು, ನೀವು ಹೆತ್ತಾಗ ಏನು ತಿಂದಿರಿ, ನಿಮಗೆ ಏನನ್ನು ಕೊಡದೆ ಹೋದರು ಎಂದು ಆ ಅತ್ತೆಯರನ್ನೇ ಕೇಳಿದರೆ, ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿಲ್ಲದ ಉತ್ತರಗಳೂ ಬಂದಾವು.