ಕೋಟೆ ಅಂದು ಬಿದ್ದಿರಲಿಲ್ಲ

ಸಿನಿಮಾಕ್ಕೆ ವಿಮರ್ಶೆ ಬರೆಯುತ್ತಾರೆ, ನಾಟಕಕ್ಕೆ ಬರೆಯುತ್ತಾರೆ, ಕಾದಂಬರಿಗಂತೂ ಸರಿಯೇ ಸರಿ. ಪ್ರವಾಸಕ್ಕೆ ಮಾತ್ರ ಯಾರೂ ಬರೆಯುವುದಿಲ್ಲ. ಹೋಗಿ ಬಂದವರು ಊಟ ಹೇಗಿತ್ತು, ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತೇ, ಕಾಲು ಎಷ್ಟು ನೋಯಿತು ಎಂದು ಹೇಳಿ ಮುಗಿಸಿಬಿಡುತ್ತಾರೆ. ಆದರೆ ಗೈಡ್ ಒಬ್ಬರು ಬೆಳಗಿನಿಂದ ಸಂಜೆಯವರೆಗೆ ನಮ್ಮನ್ನು ಕರೆದೊಯ್ದು ತೋರಿಸುವುದೂ ಒಂದು ಕಥೆಯೇ ಅಲ್ಲವೆ? ಅದಕ್ಕೂ ಮೊದಲು, ನಡು, ಕೊನೆ ಇರುತ್ತದೆ. ಯಾರು ನಾಯಕರು, ಯಾರಿಗೆ ಎಷ್ಟು ಮಾತು, ಯಾರನ್ನು ಬಾಗಿಲ ಮರೆಯಲ್ಲೇ ನಿಲ್ಲಿಸಬೇಕು ಎಂದು ಯಾರೋ ಮೊದಲೇ ಕೂತು ಗೊತ್ತುಮಾಡಿರುತ್ತಾರೆ. ಕಳೆದ ವರ್ಷ ಜಪಾನಿನಲ್ಲಿ ನಾನು ಕೂತು ಕೇಳಿದ ಅಂಥದೊಂದು ಕಥೆಯ ಬಗ್ಗೆ ಈ ನಾಲ್ಕು ಮಾತು.

ಟೋಕಿಯೋದಲ್ಲಿರುವ ಮಗಳ ಮನೆಗೆ ಹೋಗಿದ್ದೆ. "ಅಮ್ಮ, ಕೋಟೆ ಅಂದರೆ ನೀನು ಪ್ರಾಣ ಬಿಡ್ತೀಯಲ್ಲ, ಸಮುರಾಯ್‌ಗಳ ಊರಿಗೆ ಹೋಗಿಬರೋಣ ನಡಿ" ಎಂದು ಹೊರಡಿಸಿದಳು. ಎಂಟು ವರ್ಷದ ಮೊಮ್ಮಗಳೂ ಜೊತೆಗೆ. ಶಿಂಕಾನ್‌ಸೆನ್‌ನಲ್ಲಿ ಕೋರಿಯಾಮಾವರೆಗೆ ಹೋಗಿ, ಅಲ್ಲಿಂದ ಚಿಕ್ಕ ರೈಲು ಹಿಡಿದೆವು. ಕಿಟಕಿಯ ಆಚೆ ಭತ್ತದ ಗದ್ದೆ, ಅದರಾಚೆ ಬಂದಾಯ್ ಪರ್ವತ. ಫುಕುಶಿಮಾ ಪ್ರಾಂತ್ಯದ ಐಜು ವಾಕಮಾತ್ಸು ಎಂಬ ಆ ಊರಿನ ನಿಲ್ದಾಣದ ಹೊರಗೆ, ಕೈಯಲ್ಲಿ ಪುಟ್ಟ ಬಾವುಟ ಹಿಡಿದು ನಮ್ಮ ಗೈಡ್ ಕಾಯುತ್ತಿದ್ದರು. ನನ್ನದೇ ವಯಸ್ಸಿನ ಹೆಂಗಸು. ಬಿಡಿಸಿ ಬಿಡಿಸಿ ಇಂಗ್ಲಿಷ್ ಆಡುತ್ತಿದ್ದರು. ಮುದುಕರು ಹಿಂದೆ ಬಿದ್ದರೆ ನಿಂತು ಕಾಯುತ್ತಿದ್ದರು. ಒಳ್ಳೆಯದನ್ನು ಮೊದಲೇ ಹೇಳಿಬಿಡಬೇಕು: ಆ ದಿನ ಒಂದು ನಿಮಿಷವೂ ವ್ಯರ್ಥವಾಗಲಿಲ್ಲ, ತಿಳಿಯದ ಮಾತು ಒಂದನ್ನೂ ಆಕೆ ಆಡಲಿಲ್ಲ. ನನ್ನ ತಕರಾರು ಆಕೆಯ ಮೇಲಲ್ಲ, ಆಕೆಯ ಕೈಗೆ ಯಾರೋ ಬರೆದುಕೊಟ್ಟ ಕಥೆಯ ಮೇಲೆ.

ಕಥೆಯ ಹಿನ್ನೆಲೆ ಇಷ್ಟು. 1868ರಲ್ಲಿ ಜಪಾನಿನಲ್ಲಿ ತೊಕುಗಾವಾ ಶೋಗುನರ ಆಳ್ವಿಕೆ ಮುಗಿದು, ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂತು. ಸತ್ಸುಮಾ, ಚೋಶೂ, ತೋಸಾ ಸಂಸ್ಥಾನಗಳ ಪಡೆಗಳು ಆ ಸರ್ಕಾರದ ಬಲ. ಐಜು ಸಂಸ್ಥಾನದ ದೊರೆ ಮಾತ್ಸುದಾಯಿರಾ ಕತಾಮೋರಿ ಶೋಗುನರ ಕಡೆಯವನು. ಆತ 1862ರಲ್ಲಿ ಕ್ಯೋಟೋ ನಗರದ ರಕ್ಷಣೆಯ ಹೊಣೆ ಹೊತ್ತಾಗಲೇ ಶತ್ರುಗಳನ್ನೂ ಕಟ್ಟಿಕೊಂಡಿದ್ದ. 1868ರ ಅಕ್ಟೋಬರಿನಲ್ಲಿ ಹೊಸ ಸರ್ಕಾರದ ಸೈನ್ಯ ಐಜುವಿಗೆ ನುಗ್ಗಿತು. ಊರು ಹೊತ್ತಿ ಉರಿಯಿತು. ತ್ಸುರುಗಾ ಕೋಟೆ ಸುಮಾರು ಒಂದು ತಿಂಗಳು ಮುತ್ತಿಗೆಯನ್ನು ತಡೆದು, ಕೊನೆಗೆ ಶರಣಾಯಿತು.

ಮೊದಲು ನಮ್ಮನ್ನು ಕರೆದೊಯ್ದದ್ದು ನಿಸ್ಶಿನ್‌ಕಾನ್ ಎಂಬ ಶಾಲೆಗೆ. ಸಮುರಾಯ್ ಗಂಡುಮಕ್ಕಳಿಗಾಗಿ 1803ರಲ್ಲಿ ತೆರೆದ ಶಾಲೆ ಅದು. ಯುದ್ಧದಲ್ಲಿ ಸುಟ್ಟುಹೋಗಿ, 1987ರಲ್ಲಿ ಬೇರೆ ಜಾಗದಲ್ಲಿ ಹಾಗೆಯೇ ಮತ್ತೆ ಕಟ್ಟಿದ್ದಾರೆ. ಶಾಲೆಗೆ ಸೇರುವ ಮೊದಲೇ, ಆರರಿಂದ ಒಂಬತ್ತು ವರ್ಷದ ಹುಡುಗರು ಕೇರಿಕೇರಿಯಲ್ಲಿ ಗುಂಪು ಕೂಡಿ ಏಳು ಕಟ್ಟಳೆಗಳನ್ನು ಹೇಳಿಕೊಳ್ಳುತ್ತಿದ್ದರಂತೆ. ಹಿರಿಯರ ಮಾತು ಮೀರಬಾರದು, ಸುಳ್ಳು ಹೇಳಬಾರದು, ಕೈಲಾಗದವರನ್ನು ಹಿಂಸಿಸಬಾರದು, ಬೀದಿಯಲ್ಲಿ ತಿನ್ನಬಾರದು. ಏಳನೆಯದು, ಮನೆಯ ಹೊರಗೆ ಹೆಂಗಸರೊಡನೆ ಮಾತಾಡಬಾರದು. ನಮ್ಮ ಗೈಡ್ ಏಳನ್ನೂ ನಗುನಗುತ್ತ ಓದಿ ಹೇಳಿದರು. ಗುಂಪಿನಲ್ಲಿದ್ದ ಗಂಡಸರೂ ನಕ್ಕರು. ಮನೆಯ ಹೊರಗೆ ನಿಂತು ಮಾತಾಡುತ್ತಿರುವ ಹೆಂಗಸೊಬ್ಬಳ ಬಾಯಲ್ಲೇ ಆ ಕಟ್ಟಳೆಯನ್ನು ಕೇಳಬೇಕಾಯಿತಲ್ಲ ಎಂದು ನಾನೂ ನಕ್ಕೆ. ಆಗ ಬೆಳಗಿನ ಹೊತ್ತು, ನಗು ಸುಲಭವಾಗಿತ್ತು.

ಎರಡನೆಯದು ಕೋಟೆ. ಬಿಳಿಯ ಗೋಡೆ, ಕೆಂಪು ಹೆಂಚು. ಏಳು ಅಂತಸ್ತಿನ ಗೋಪುರ ಇಲ್ಲಿ ಮೊದಲು ಎದ್ದದ್ದು 1593ರಲ್ಲಿ. ಯುದ್ಧ ಮುಗಿದ ಮೇಲೆ 1874ರಲ್ಲಿ ಕೋಟೆಯನ್ನು ಕೆಡವಿಸಿದರು. ಈಗ ಕಾಣುವುದು 1965ರಲ್ಲಿ ಕಾಂಕ್ರೀಟಿನಿಂದ ಕಟ್ಟಿದ್ದು. ಕೆಂಪು ಹೆಂಚು ಹೊದಿಸಿದ್ದು 2011ರಲ್ಲಿ. ಇದನ್ನೆಲ್ಲ ಗೈಡ್ ಮರೆಮಾಚದೆ ಹೇಳಿದರು. ದೊರೆಗಳ ಹೆಸರು, ಕಲ್ಲಿನ ಕಟ್ಟಡದ ಎತ್ತರ, ತೋಪಿನ ಏಟು ತಿಂದು ಜರ್ಝರಿತವಾದ ಗೋಪುರದ ಹಳೆಯ ಫೋಟೋ, ಎಲ್ಲಕ್ಕೂ ಸಮಯವಿತ್ತು. ಮುತ್ತಿಗೆಯ ತಿಂಗಳು ಆ ಗೋಡೆಗಳ ಒಳಗೆ ಏನು ನಡೆಯಿತು ಎಂಬುದಕ್ಕೆ ಸಿಕ್ಕಿದ್ದು ಎರಡು ವಾಕ್ಯ. ಉಳಿದದ್ದನ್ನು ನಾನು ಮಗಳ ಮನೆಯ ಪುಸ್ತಕಗಳಿಂದ ತುಂಬಿಕೊಳ್ಳಬೇಕಾಯಿತು.

ಒಳಗೆ ಸುಮಾರು 600 ಮಂದಿ ಹೆಂಗಸರು ಮಕ್ಕಳಿದ್ದರು. ಅನ್ನ ಬೇಯಿಸಿ, ಬಿಸಿ ಆರುವ ಮೊದಲೇ ಉಂಡೆ ಕಟ್ಟಿದವರು ಅವರು. ಗಾಯ ತೊಳೆದವರು, ಬಂದೂಕಿಗೆ ಗುಂಡು ತಯಾರಿಸಿದವರು ಅವರು. ತೋಪಿನ ಗುಂಡು ಬಂದು ಬಿದ್ದರೆ, ಅದು ಸಿಡಿಯುವ ಮೊದಲೇ ಓಡಿಹೋಗಿ ಒದ್ದೆ ಹಾಸಿಗೆ ಹಾಕಿ ಆರಿಸುವುದೂ ಅವರದೇ ಕೆಲಸ. ಯಾಮಾಕಾವಾ ಮನೆತನದ ಸೊಸೆ ತೋಸೆ ಸತ್ತದ್ದು ಹಾಗೆಯೇ. ಅದೇ ಮನೆಯ ಎಂಟು ವರ್ಷದ ಹುಡುಗಿಯೂ ಅಲ್ಲೇ ಇದ್ದು, ದೊಡ್ಡವರ ಕೆಲಸಕ್ಕೆ ಕೈಗೂಡಿಸುತ್ತಿದ್ದಳು. ಯಾಯೆ ಎಂಬ ಹೆಣ್ಣುಮಗಳು ಕೂದಲು ಕತ್ತರಿಸಿಕೊಂಡು, ಯುದ್ಧದಲ್ಲಿ ಸತ್ತ ತಮ್ಮನ ಬಟ್ಟೆ ತೊಟ್ಟು, ಸ್ಪೆನ್ಸರ್ ಬಂದೂಕು ಹಿಡಿದು ಗೋಡೆಯ ಮೇಲೆ ನಿಂತಳು. ಕೋಟೆ ಒಂದು ತಿಂಗಳು ನಿಂತದ್ದು ಕಲ್ಲಿನಿಂದ ಮಾತ್ರವೆ?

ಊಟಕ್ಕೆ ವಪ್ಪಾಮೇಶಿ. ಮರದ ತೆಳು ಹಲಗೆ ಬಗ್ಗಿಸಿ ಮಾಡಿದ ದುಂಡು ಡಬ್ಬಿಯಲ್ಲಿ ಹಬೆಯಲ್ಲಿ ಬೆಂದ ಅನ್ನ, ಮೇಲೆ ಬೆಟ್ಟದ ಸೊಪ್ಪು, ಅಣಬೆ. ಬಹಳ ರುಚಿಯಾಗಿತ್ತು. ಆಮೇಲೆ ಹೋದದ್ದು ಸೈಗೋ ತಾನೊಮೊ ಎಂಬ ಹಿರಿಯ ಮಂತ್ರಿಯ ಮನೆಗೆ. ಅದೂ ಮತ್ತೆ ಕಟ್ಟಿದ ಮನೆಯೇ, 38 ಕೋಣೆಗಳು. ಅಡಿಗೆಮನೆ, ಅತಿಥಿಗಳ ಕೋಣೆ ಎಲ್ಲ ನೋಡುತ್ತ ಹೋದಂತೆ, ಒಂದು ಕೋಣೆಯಲ್ಲಿ ಆಳೆತ್ತರದ ಬೊಂಬೆಗಳು. ಬಿಳಿಯ ಉಡುಪಿನ ಹೆಂಗಸರು, ಮಕ್ಕಳು.

ಶತ್ರು ಊರಿಗೆ ನುಗ್ಗಿದ ಬೆಳಗ್ಗೆ, ತಾನೊಮೊ ಕೋಟೆಗೆ ಹೋದ ಮೇಲೆ, ಆ ಮನೆಯಲ್ಲಿ 21 ಮಂದಿ ಸತ್ತರು. ಅವನ ತಾಯಿ, ಹೆಂಡತಿ ಚಿಯೆಕೊ, ತಂಗಿಯರು, ಐವರು ಹೆಣ್ಣುಮಕ್ಕಳು, ನೆಂಟರು. ಹೆಣ್ಣುಮಕ್ಕಳ ವಯಸ್ಸು 16, 13, 9, 4, 2. ಹನ್ನೊಂದು ವರ್ಷದ ಮಗನನ್ನು ಮಾತ್ರ ಕೋಟೆಗೆ ಕಳಿಸಿದ್ದರು. ಕೈಗೂಸುಗಳನ್ನು ಕಟ್ಟಿಕೊಂಡು ಕೋಟೆಗೆ ಹೋದರೆ ಕಾದಾಡುವವರಿಗೆ ಹೊರೆ, ಶತ್ರುವಿನ ಕೈಗೆ ಸಿಕ್ಕರೆ ಮಾನಹಾನಿ; ಆದ್ದರಿಂದ ಮನೆತನದ ಗೌರವಕ್ಕಾಗಿ 21 ಮಂದಿಯೂ ತಮ್ಮ ಪ್ರಾಣವನ್ನು ಅರ್ಪಿಸಿಕೊಂಡರು, ಎಂದರು ಗೈಡ್. ಎಲ್ಲರೂ ತಲೆ ತಗ್ಗಿಸಿದೆವು.

ಮೊಮ್ಮಗಳು ನನ್ನ ಸೆರಗು ಜಗ್ಗಿದಳು. "ಅಜ್ಜಿ, ಚಿಕ್ಕ ಪಾಪುವನ್ನ ಯಾರು ಸಾಯಿಸಿದ್ರು?"

ನಾನು ಅಂದುಕೊಂಡ ವಿಮರ್ಶೆಯೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಎರಡು ವರ್ಷದ ಕೂಸು ಪ್ರಾಣವನ್ನು ಅರ್ಪಿಸಿಕೊಳ್ಳುವುದಿಲ್ಲ. ಅದರ ಪ್ರಾಣವನ್ನು ಯಾರೋ ತೆಗೆಯುತ್ತಾರೆ. ಪುಟ್ಟ ಮಕ್ಕಳನ್ನು ತಾಯಿ ಚಿಯೆಕೊ ತನ್ನ ಕೈಯಿಂದಲೇ ಕೊಂದು ತಾನೂ ಸತ್ತಳು ಎಂದು ಅಲ್ಲಿಯ ಪರಂಪರೆಯೇ ಹೇಳುತ್ತದೆ. ಗೈಡ್ ಬಳಸಿದ ಕ್ರಿಯಾಪದ ಆ ಕೈಯನ್ನು, ಆ ಗಳಿಗೆಯನ್ನು ಮುಚ್ಚಿಬಿಟ್ಟಿತ್ತು. ಚಿಯೆಕೊಳನ್ನು ನಾನು ಕಟಕಟೆಗೆ ಎಳೆಯುತ್ತಿಲ್ಲ. ಹೊರಗೆ ಬೆಂಕಿ, ಗುಂಡಿನ ಸದ್ದು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದು ಒಂದೇ ಪಾಠ. ಮೂವತ್ತನಾಲ್ಕು ವರ್ಷದ ಆ ತಾಯಿಯ ಜಾಗದಲ್ಲಿ ನಿಂತು ಯೋಚಿಸುವ ಧೈರ್ಯ ನನಗಿಲ್ಲ. ಆದರೆ ಆಕೆಯ ಸಂಕಟವನ್ನು 'ಅರ್ಪಣೆ' ಎಂಬ ರೇಷ್ಮೆಯಲ್ಲಿ ಸುತ್ತಿ ನಮ್ಮ ಕೈಗೆ ಕೊಡುವುದು ಆಕೆಗೂ ನ್ಯಾಯವಲ್ಲ, ಕೂಸಿಗೂ ನ್ಯಾಯವಲ್ಲ.

ಇನ್ನೊಂದು ಮಾತನ್ನೂ ಆ ಕೋಣೆಯ ಮುಂದೆ ಹೇಳಬೇಕಿತ್ತು. ಸೈಗೋ ತಾನೊಮೊ ಬದುಕಿ ಉಳಿದ, ಸತ್ತದ್ದು 1903ರಲ್ಲಿ. ದೊರೆ ಕತಾಮೋರಿಯೂ ಬದುಕಿದ. ನಿಕ್ಕೋದ ದೇಗುಲದಲ್ಲಿ ಅರ್ಚಕನಾಗಿದ್ದು 1893ರಲ್ಲಿ ತೀರಿಕೊಂಡ. ಅವರು ಬದುಕಿದ್ದು ತಪ್ಪು ಎಂದು ಹೇಳುತ್ತಿಲ್ಲ. ಯಾವ ಗೌರವಕ್ಕಾಗಿ ನಾಲ್ಕು ವರ್ಷದ ಹುಡುಗಿ ಸಾಯಬೇಕಾಯಿತೋ, ಆ ಗೌರವದ ಯಜಮಾನರಿಗೆ ಬದುಕುವ ದಾರಿ ಸಿಕ್ಕಿತು ಎಂಬುದಷ್ಟೇ ಲೆಕ್ಕ.

ಕೊನೆಯದಾಗಿ ಈಮೋರಿ ಗುಡ್ಡ. 183 ಮೆಟ್ಟಿಲು, ಆಗದವರಿಗೆ ದುಡ್ಡು ಕೊಟ್ಟರೆ ತಾನಾಗಿ ಮೇಲಕ್ಕೆ ಚಲಿಸುವ ದಾರಿಯೂ ಇದೆ. ನನ್ನ ಮಂಡಿಗಳು ಅದನ್ನೇ ಆರಿಸಿಕೊಂಡವು. ಮೇಲೆ 'ಬ್ಯಾಕ್ಕೋತಾಯ್', ಅಂದರೆ ಬಿಳಿಹುಲಿ ಪಡೆಯ ಹುಡುಗರ 19 ಸಮಾಧಿಗಳು. ಹದಿನಾರು ಹದಿನೇಳರ ಹುಡುಗರು. ಯುದ್ಧದಲ್ಲಿ ಸೋತು, ದಾರಿ ತಪ್ಪಿ ಈ ಗುಡ್ಡಕ್ಕೆ ಬಂದು ನೋಡಿದರೆ ಊರ ಮೇಲೆಲ್ಲ ಹೊಗೆ. ಕೋಟೆಯೇ ಬಿತ್ತು ಎಂದುಕೊಂಡು ಅಲ್ಲೇ ಪ್ರಾಣ ಬಿಟ್ಟರು. ಕೋಟೆ ಅಂದು ಬಿದ್ದಿರಲಿಲ್ಲ. ಉರಿಯುತ್ತಿದ್ದದ್ದು ಪೇಟೆ. ಆ ಹೊಗೆಯ ಆಚೆ ಅದೇ ಹೊತ್ತಿಗೆ ಅವರ ಅಮ್ಮಂದಿರ ಓರಗೆಯವರು ಕೋಟೆಯೊಳಗೆ ಅನ್ನಕ್ಕೆ ಎಸರಿಡುತ್ತಿದ್ದಿರಬೇಕು.

ಇಪ್ಪತ್ತನೆಯ ಹುಡುಗ ಈನುಮಾ ಸದಾಕಿಚಿ. ಗಂಟಲಿಗೆ ಇರಿದುಕೊಂಡಿದ್ದವನಲ್ಲಿ ಇನ್ನೂ ಉಸಿರಿತ್ತು. ತನ್ನ ಮಗನನ್ನು ಹುಡುಕುತ್ತ ಬಂದಿದ್ದ ಒಬ್ಬ ಹೆಂಗಸು ಅವನನ್ನು ಉಳಿಸಿದಳು. ಅವನು ಮುಂದೆ ತಂತಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ, 1931ರವರೆಗೆ ಬಾಳಿದ. ಆ ದಿನ ಗುಡ್ಡದ ಮೇಲೆ ಏನಾಯಿತೆಂದು ಲೋಕಕ್ಕೆ ತಿಳಿದದ್ದು ಅವನು ಬದುಕಿದ್ದರಿಂದ. ಅವನ ಸಮಾಧಿಯೂ ಅಲ್ಲೇ ಇದೆ, ಆದರೆ ಹತ್ತೊಂಬತ್ತು ಮಂದಿಯ ಸಾಲಿನಲ್ಲಿಲ್ಲ. ಸ್ವಲ್ಪ ದೂರದಲ್ಲಿ, ಒಂಟಿಯಾಗಿ. ನಮ್ಮ ಗುಂಪು ಅಲ್ಲಿ ನಿಲ್ಲಲಿಲ್ಲ.

ನಿಂತದ್ದು ಒಂದು ಕಂಬದ ಮುಂದೆ. ತುದಿಯಲ್ಲಿ ಹದ್ದು ಕೂತಿರುವ ಪುರಾತನ ರೋಮನ್ ಕಂಬ. ಹುಡುಗರ ಸಾಹಸ ಮೆಚ್ಚಿ 1928ರಲ್ಲಿ ರೋಮ್ ಕಳಿಸಿದ ಕಾಣಿಕೆ. "ಹೊರದೇಶದವರೂ ಮೆಚ್ಚಿದರು" ಎಂದರು ಗೈಡ್. ಅದು ಮುಸೊಲಿನಿಯ ರೋಮ್. 1935ರಲ್ಲಿ ಜರ್ಮನಿಯ ಕಡೆಯಿಂದಲೂ ಒಂದು ಕಲ್ಲು ಬಂತು. ಆಗ ಅಲ್ಲಿ ಹಿಟ್ಲರನ ಕಾಲ. ಹದಿಹರೆಯದವರು ಪ್ರಶ್ನೆ ಕೇಳದೆ ಸಾಯುವ ಕಥೆ ಯಾರಿಗೆ ಪ್ರಿಯವಾಯಿತು ಎಂಬುದನ್ನು ಆ ಎರಡು ಕಲ್ಲುಗಳೇ ಹೇಳುತ್ತಿವೆ. ಅದನ್ನು ಹೇಳದೆ ಕಂಬವನ್ನು ಮಾತ್ರ ತೋರಿಸುವುದು ಅರ್ಧ ಸತ್ಯ.

ಜಪಾನಿನವರನ್ನು ಬೈದು ನಾವು ದೊಡ್ಡವರಾಗುವುದು ಬೇಡ. ನಮ್ಮ ಹಳ್ಳಿಗಳ ಅಂಚಿನಲ್ಲೂ ಮಾಸ್ತಿಕಲ್ಲುಗಳಿವೆ. ಬಳೆ ತೊಟ್ಟ ಕೈಯನ್ನು ಕಲ್ಲಿನಲ್ಲಿ ಕೆತ್ತಿ, ಅರಿಶಿನ ಕುಂಕುಮ ಇಟ್ಟು ಕೈಮುಗಿದೆವು. ಗಂಡ ಸತ್ತ ಮೇಲೂ ಬದುಕಿ, ಗದ್ದೆ ನೆಟ್ಟು, ಮಕ್ಕಳನ್ನು ದಡ ಸೇರಿಸಿದ ಹೆಂಗಸಿಗೆ ಯಾರು ಕಲ್ಲು ನಿಲ್ಲಿಸಿದರು? ಆ ಗುಡ್ಡದಿಂದ ಇಳಿಯುವಾಗ ನನಗೆ ನೆನಪಾದದ್ದು ಇದೇ.

ಹಾಗಾದರೆ ಐಜುವಿನಲ್ಲಿ ಬದುಕಿದವರು ಏನಾದರು? ಬಂದೂಕು ಹಿಡಿದ ಯಾಯೆ ಕ್ಯೋಟೋಗೆ ಹೋದಳು. 1876ರಲ್ಲಿ ನೀಜಿಮಾ ಜೋ ಎಂಬಾತನನ್ನು ಮದುವೆಯಾದಳು. ಅವನು ಸ್ಥಾಪಿಸಿದ ದೋಶಿಶಾ ಇಂದು ದೊಡ್ಡ ವಿಶ್ವವಿದ್ಯಾಲಯ. ಆಮೇಲಿನ ಯುದ್ಧಗಳಲ್ಲಿ ಯಾಯೆ ರೆಡ್‌ಕ್ರಾಸ್ ದಾದಿಯಾಗಿ ಗಾಯಾಳುಗಳ ಆರೈಕೆ ಮಾಡಿದಳು. ಯಾಮಾಕಾವಾ ಮನೆಯ ಆ ಎಂಟು ವರ್ಷದ ಹುಡುಗಿಯನ್ನು 1871ರಲ್ಲಿ ಹೊಸ ಸರ್ಕಾರ ಇನ್ನು ನಾಲ್ವರು ಹುಡುಗಿಯರ ಜೊತೆ ಅಮೆರಿಕಕ್ಕೆ ಓದಲು ಕಳಿಸಿತು. ಹೊರಡುವಾಗ ತಾಯಿ ಅವಳಿಗೆ ಸುತೆಮಾತ್ಸು ಎಂದು ಹೊಸ ಹೆಸರಿಟ್ಟಳು. ಅದರಲ್ಲಿ ಬಿಟ್ಟುಕೊಡುವುದು, ಕಾಯುವುದು ಎರಡೂ ಅರ್ಥವಿದೆ. 1882ರಲ್ಲಿ ವಾಸರ್ ಕಾಲೇಜಿನಲ್ಲಿ ಪದವಿ ಪಡೆದು, ಕಾಲೇಜು ಪದವಿ ಪಡೆದ ಮೊದಲ ಜಪಾನೀ ಹೆಣ್ಣೆನಿಸಿದಳು. ಮರುವರ್ಷ ಮದುವೆಯಾದದ್ದು ಓಯಾಮಾ ಇವಾವೊನನ್ನು. ಅವಳಿದ್ದ ಕೋಟೆಯನ್ನು ಮುತ್ತಿದ ಸತ್ಸುಮಾ ಪಡೆಯ ತೋಪಿನ ಅಧಿಕಾರಿ ಅವನು! ಜೊತೆಗೆ ಅಮೆರಿಕಕ್ಕೆ ಹೋಗಿದ್ದ ತ್ಸುದಾ ಉಮೆ 1900ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಇವಳು ಒತ್ತಾಸೆಯಾಗಿ ನಿಂತಳು. ಇಂಥ ಕಥೆಗಳಿಗೆ ಆ ದಿನ ಸಿಕ್ಕಿದ್ದು ಬಸ್ಸಿನಲ್ಲಿ ಕೂತಾಗಿನ ಐದು ನಿಮಿಷ.

ವಿಮರ್ಶೆ ಮಾಡಿದವರು ಪರಿಹಾರವನ್ನೂ ಹೇಳಬೇಕಲ್ಲ. ನನ್ನದು ಸಣ್ಣ ಸಲಹೆ. ಯಾವ ಜಾಗವನ್ನೂ ಬಿಡಬೇಡಿ. ಸತ್ತವರಿಗೆ ತಲೆಬಾಗುವುದನ್ನೂ ಬಿಡಬೇಡಿ. ಕ್ರಮ ಬದಲಿಸಿ, ಅಷ್ಟೆ. ಬೆಳಗ್ಗೆ ಗುಡ್ಡಕ್ಕೆ ಕರೆದೊಯ್ದು, ಒಂಟಿ ಸಮಾಧಿಯ ಮುಂದೆಯೂ ನಿಲ್ಲಿಸಿ. ಆಮೇಲೆ ಆ ಮನೆ. ಕೋಟೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಹುಡುಗರು ಬಿತ್ತೆಂದುಕೊಂಡ ಕೋಟೆ ಬಿದ್ದಿರಲಿಲ್ಲ, ಒಳಗೆ ಒಲೆ ಉರಿಯುತ್ತಿತ್ತು ಎಂದು ಹೇಳಿ ಕಥೆ ಮುಗಿಸಿ.

ಹಿಂದಿರುಗುವ ರೈಲಿನಲ್ಲಿ ಮೊಮ್ಮಗಳಿಗೆ ಸುತೆಮಾತ್ಸುವಿನ ಕಥೆ ಹೇಳಿದೆ. "ಅವಳಿಗೂ ಎಂಟೇ ವರ್ಷವಾ?" ಎಂದು ಎರಡು ಸಲ ಕೇಳಿದಳು. ಹೌದು ಎಂದೆ. ಪಾಪುವಿನ ಪ್ರಶ್ನೆಗೂ ನಿಜವನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.