ಕಿಟಕಿಯಲ್ಲಿ ನಿಂತವಳು

ಇರಾಕಿನ ಮೋಸುಲ್ ಸಮೀಪದ ನಿಮ್ರೂದ್ ಒಂದು ಕಾಲಕ್ಕೆ ಅಸ್ಸೀರಿಯಾದ ರಾಜಧಾನಿ. ಅಲ್ಲಿನ ಅರಮನೆಗಳ ಅವಶೇಷಗಳಲ್ಲಿ ಸಿಕ್ಕ ದಂತದ ಫಲಕಗಳ ಬಗ್ಗೆ ಬರೆಯುವವರು ಕುಸುರಿ ಕೆಲಸವನ್ನು ಕೊಂಡಾಡಿ ಸುಮ್ಮನಾಗುವುದೇ ಹೆಚ್ಚು. ಹೊಗಳಿಕೆಯೇನೂ ಸುಳ್ಳಲ್ಲ. ಅಂಗೈಯಷ್ಟು ದಂತದಲ್ಲಿ, ಕರುವಿಗೆ ಹಾಲೂಡಿಸುತ್ತ ಹಿಂದಿರುಗಿ ನೋಡುವ ಹಸುವನ್ನು ಕಂಡರೆ ಯಾರಿಗಾದರೂ ಕೈಮುಗಿಯೋಣ ಎನ್ನಿಸುತ್ತದೆ. ಆದರೆ ಇವುಗಳಲ್ಲಿ ಬಹಳಷ್ಟು ಮಂಚ, ಕುರ್ಚಿಗಳಿಗೆ ಕೂಡಿಸಿದ್ದ ಅಲಂಕಾರ. ಆ ಮಂಚ ಯಾರ ಮನೆಯದು ಎಂದು ಕೇಳದೆ ಅಂದವನ್ನಷ್ಟೇ ಅಳೆದರೆ ವಿಮರ್ಶೆ ಅರ್ಧಕ್ಕೇ ನಿಲ್ಲುತ್ತದೆ.

ಕ್ರಿ.ಪೂ. 9 ಮತ್ತು 8ನೆಯ ಶತಮಾನಗಳ ಈ ಫಲಕಗಳನ್ನು ಬಹುಪಾಲು ಕೆತ್ತಿದವರು ಫಿನೀಷಿಯಾ, ಸಿರಿಯಾಗಳ ಕುಶಲಿಗಳು. ಅಸ್ಸೀರಿಯಾದ ದೊರೆಗಳು ಅವನ್ನು ಕಪ್ಪವಾಗಿಯೋ ಕೊಳ್ಳೆಯಾಗಿಯೋ ತಂದರು. ಕ್ರಿ.ಪೂ. 701ರಲ್ಲಿ ಯೆಹೂದದ ಅರಸ ಹಿಜ್ಕೀಯನಿಂದ ಪಡೆದದ್ದನ್ನು ದೊರೆ ಸನ್ಹೇರೀಬ ಬರೆಸಿಟ್ಟಿದ್ದಾನೆ: ದಂತದ ಮಂಚಗಳು, ದಂತದ ಕುರ್ಚಿಗಳು, ಆನೆಯ ಚರ್ಮ, ಆನೆದಂತ, ಮತ್ತೆ ಅರಸನ ಹೆಣ್ಣುಮಕ್ಕಳು, ಅಂತಃಪುರದ ಸ್ತ್ರೀಯರು. ಎಲ್ಲವೂ ಒಂದೇ ಪಟ್ಟಿಯಲ್ಲಿ!

ಈ ಪಟ್ಟಿಯನ್ನು ಓದಿದ ಮೇಲೆ 'ಕಿಟಕಿಯ ಹೆಣ್ಣು' ನನಗೆ ಬೇರೆಯಾಗಿ ಕಾಣುತ್ತಾಳೆ. ಹಲವು ಫಲಕಗಳಲ್ಲಿ ಬರುವ ಮುಖ ಅದು. ಒಂದರೊಳಗೊಂದು ಚೌಕಟ್ಟು, ಕೆಳಗೆ ಪುಟ್ಟ ಕಂಬಗಳ ಕಟಕಟೆ, ನಡುವೆ ನೇರವಾಗಿ ನಮ್ಮನ್ನೇ ನೋಡುವ ಕಣ್ಣು. ಅವಳನ್ನು ಅಸ್ತಾರ್ತೆ ದೇವತೆಗೆ ಸಂಬಂಧಿಸಿದವಳು ಎಂದವರಿದ್ದಾರೆ, ವೇಶ್ಯೆ ಎಂದವರೂ ಇದ್ದಾರೆ. ಅವಳು ಯಾರೇ ಇರಲಿ, ಹೋಗಿ ಸೇರಿದ್ದು ಎಲ್ಲಿಗೆ ಎಂಬುದು ಮುಖ್ಯ.

ಅದಕ್ಕೆ ಉತ್ತರ ನಿನೆವೆಯ ಅರಮನೆಯ ಒಂದು ಕಲ್ಲಿನ ಉಬ್ಬುಶಿಲ್ಪದಲ್ಲಿದೆ. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ದ್ರಾಕ್ಷಿಯ ಚಪ್ಪರದಡಿ ದೊರೆ ಅಶ್ಶುರ್‌ಬನಿಪಾಲ ಮಂಚದ ಮೇಲೆ ಒರಗಿದ್ದಾನೆ. ಎದುರಿಗೆ ಎತ್ತರದ ಕುರ್ಚಿಯಲ್ಲಿ ರಾಣಿ. ಇಬ್ಬರ ಕೈಯಲ್ಲೂ ಬಟ್ಟಲು. ಪಕ್ಕದ ಮರದಲ್ಲಿ ಸೋತ ಏಲಾಮ್ ದೊರೆಯ ರುಂಡ ತೂಗುತ್ತಿದೆ. ಆ ಮಂಚದ ಕಾಲನ್ನು ಗಮನಿಸಿ: ಅದೇ ಕಿಟಕಿ, ಅದೇ ಹೆಣ್ಣು. ರುಂಡ ಹೇಳುವ ಗೆಲುವಿನ ಕಥೆಯನ್ನೇ ಅವಳೂ ಮೆತ್ತಗೆ ಹೇಳುತ್ತಿದ್ದಾಳೆ ಎಂದು ನನ್ನ ಭಾವನೆ.

ಮುಂದೆ ಕ್ರಿ.ಪೂ. 612ರ ಹೊತ್ತಿಗೆ ಅಸ್ಸೀರಿಯಾವೂ ಬಿತ್ತು. ಕೊಳ್ಳೆಗಾರರು ಫಲಕಗಳ ಮೇಲಿನ ಚಿನ್ನದ ತಗಡನ್ನು ಕಿತ್ತುಕೊಂಡು ದಂತವನ್ನು ಬಿಸಾಡಿದರು. 1949ರಿಂದ ಅಲ್ಲಿ ಉತ್ಖನನ ನಡೆಸಿದ ಮ್ಯಾಲೊವನ್ನರ ಪತ್ನಿ, ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ, ಹೆಣಿಗೆಯ ಕಡ್ಡಿ ಹಿಡಿದು, ತಮ್ಮ ಮುಖಕ್ಕೆ ಹಚ್ಚುವ ಕ್ರೀಮಿನಿಂದಲೇ ಆ ತುಂಡುಗಳನ್ನು ಶುಚಿಮಾಡಿದರು. 1952ರಲ್ಲಿ ಬಾವಿಯ ಕೆಸರಿನಿಂದ ಎದ್ದ ಒಂದು ಹೆಣ್ಣುಮುಖಕ್ಕೆ 'ಮೋನಾಲಿಸಾ' ಎಂದು ಹೆಸರು ಬಂತು. ಮೆಚ್ಚುಗೆಯ ಮಾತೇ ಹೌದು, ಆದರೂ ಎರವಲು ಹೆಸರು. ಅವಳು ಹುಟ್ಟಿದ ಊರಾಗಲಿ, ಅವಳನ್ನು ಕಳೆದುಕೊಂಡ ಮನೆಯಾಗಲಿ ಅದರಲ್ಲಿಲ್ಲ. ಈ ಚಿತ್ರಗಳನ್ನು ನೋಡುವಾಗ ಆ ಕಪ್ಪದ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಂಡಿರಬೇಕು.