ಏಕವಚನಾರ್ಥದ ‘ದೇ’ ಸರ್ವನಾಮ

ಇಂಗ್ಲಿಷಿನಲ್ಲಿ ಸ್ತ್ರೀಯೋ ಪುರುಷನೋ ತಿಳಿಯದ ಒಬ್ಬ ವ್ಯಕ್ತಿಗೆ ‘ದೇ’ ಎಂಬ ಸರ್ವನಾಮವನ್ನು ಬಳಸುವುದು ವಚನದೋಷವೆಂದೂ ‘ಹೀ’ ಎಂಬುದೇ ಸಾಧುವೆಂದೂ ನಾವು ಬೋಧಿಸುತ್ತ ಬಂದಿದ್ದೇವೆ. ಈ ಮತವು ಪುನರ್ವಿಮರ್ಶೆಗೆ ಅರ್ಹವಾಗಿದೆ. ಆ ಪ್ರಯೋಗವು ಹದಿನಾಲ್ಕನೆಯ ಶತಮಾನದಷ್ಟು ಹಳೆಯದು. ನಿಷೇಧವಾದರೋ ಹದಿನೆಂಟನೆಯ ಶತಮಾನದ ವೈಯಾಕರಣರಿಂದ ಬಂದುದು. ಜೇನ್ ಆಸ್ಟೆನ್ ಅದನ್ನು ಲೆಕ್ಕಿಸಲಿಲ್ಲ.

ಪುಲ್ಲಿಂಗವು ಉಭಯರನ್ನೂ ಒಳಗೊಳ್ಳುವುದೆಂಬ ವಾದವು ಪರೀಕ್ಷೆಯಲ್ಲಿ ನಿಂತಿಲ್ಲ. ಶಾಸನಗಳ ಪುಲ್ಲಿಂಗಪದಗಳು ಸಾಮಾನ್ಯವಾಗಿ ಸ್ತ್ರೀಯರಿಗೂ ಅನ್ವಯಿಸುವುವೆಂದು 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಿಧಿಸಿತು. ಇದನ್ನೇ ಆಧರಿಸಿ ಮ್ಯಾಂಚೆಸ್ಟರಿನ ಸ್ತ್ರೀಯರು ಮತದ ಹಕ್ಕನ್ನು ಕೇಳಿದರು. 1868ರ ಚೋರ್ಲ್ಟನ್ ಮೊಕದ್ದಮೆಯಲ್ಲಿ, ಚುನಾವಣಾಶಾಸನದ ‘ಮ್ಯಾನ್’ ಎಂಬ ಪದದಲ್ಲಿ ಸ್ತ್ರೀಯು ಸೇರಳೆಂದು ನ್ಯಾಯಾಲಯವು ತೀರ್ಮಾನಿಸಿತು!

ಇನ್ನು ವಚನದ ಮಾತು. ‘ಯೂ’ ಸಹ ಮೊದಲು ಬಹುವಚನವೇ. ಹಿರಿಯರೊಬ್ಬರನ್ನು ‘ಅವರು’ ಎನ್ನುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಆದರೆ ನಮ್ಮಲ್ಲಿ ಕಾರಣ ಗೌರವ, ಅಲ್ಲಿ ಅನಿಶ್ಚಯ. ಸಮೀಪದಲ್ಲಿ ಬೇರೊಂದು ಬಹುವಚನನಾಮವಿದ್ದರೆ ‘ದೇ’ ಯಾರನ್ನು ಸೂಚಿಸುತ್ತದೆಂಬ ಸಂದೇಹ ಹುಟ್ಟುವುದು ನಿಜ. ಅಂಥ ವಾಕ್ಯವನ್ನು ಅಸ್ಪಷ್ಟತೆಗಾಗಿ ತಿದ್ದಬಹುದು. ಅರ್ಥವು ಸ್ಪಷ್ಟವಾಗಿರುವ ವಾಕ್ಯಕ್ಕೆ ಪರೀಕ್ಷಕರು ಅಂಕ ಕಳೆಯುವುದಕ್ಕೆ ಮಾತ್ರ ಯಾವ ಆಧಾರವೂ ಕಾಣುವುದಿಲ್ಲ.